ಹದಿನೈದನೆಯ ಚುಕ್ಕೆ

ನಿಮ್ಮ ಚಿಕ್ಕಮ್ಮನಿಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ಮೊದಲೆಲ್ಲ ನಾನು ‘ಕಾಲೇಜಿನಲ್ಲಿದ್ದಾಳೆ’ ಎಂದು ತೇಲಿಸಿಬಿಡುತ್ತಿದ್ದೆ. ಈಗ ಹಾಗಲ್ಲ, ಕೇಳದವರನ್ನೂ ಕೂರಿಸಿಕೊಂಡು ಹೇಳುತ್ತೇನೆ. ಗಿಡ ಅಂಟಿಸುವುದು ಅವಳ ಕೆಲಸ. ಮೂವತ್ತೆರಡು ವರ್ಷದಿಂದ ಅದೇ. ಸಸ್ಯಶಾಸ್ತ್ರದ ಮೇಷ್ಟ್ರುಗಳು ಕಾಡುಮೇಡು ಸುತ್ತಿ ಕಿತ್ತು ತಂದ ಗಿಡಗಳನ್ನು ಹಳೇ ಪೇಪರಿನ ನಡುವೆ ಒತ್ತಿ ಒಣಗಿಸಿ, ದಪ್ಪ ಬಿಳಿ ಹಾಳೆಗೆ ಅಂಟಿಸಿ, ಕೆಳಮೂಲೆಯಲ್ಲಿ ಚೀಟಿ ಹಚ್ಚಿ ಕಬ್ಬಿಣದ ಬೀರುವಿನಲ್ಲಿ ಇಡಬೇಕು. ಯಾವ ಗಿಡ, ಎಲ್ಲಿ ಸಿಕ್ಕಿತು, ಯಾವತ್ತು, ಕಿತ್ತವರು ಯಾರು, ಎಲ್ಲವೂ ಆ ಚೀಟಿಯಲ್ಲಿರುತ್ತದೆ. ಹದಿನೆಂಟು ಸಾವಿರ ಹಾಳೆಗಳು ಅವಳ ಕೈಯಿಂದ ಹೋಗಿವೆ. ಬೇಕಾದರೆ ಹೋಗಿ ನೋಡಿ, ಒಂದರಲ್ಲೂ ಎಲೆ ಮುದುಡಿಲ್ಲ.

ಅಷ್ಟೂ ಹಾಳೆಗಳಲ್ಲಿ ಅವಳಿಗೆ ಅಚ್ಚುಮೆಚ್ಚು ಒಂದು ಪುಟಾಣಿ ನೀಲಿ ಹೂವಿನ ಗಿಡ. ಬೆರಳುದ್ದವೂ ಇಲ್ಲ. ಮಳೆ ಶುರುವಾದದ್ದೇ ತಡ, ಬಂಡೆಯ ಮೇಲಿನ ಒಂದಂಗುಲ ಮಣ್ಣಿನಲ್ಲಿ ಮೊಳೆತು, ಎರಡೆರಡೇ ಎಲೆ ಬಿಟ್ಟು, ತುದಿಯಲ್ಲಿ ಐದೆಸಳಿನ ಹೂವು ಅರಳಿಸಿ, ಬೀಜ ಚೆಲ್ಲಿ, ಐದಾರು ವಾರಕ್ಕೆಲ್ಲ ಒಣಗಿ ಮಾಯವಾಗುತ್ತದೆ. ಉಳಿದ ವರ್ಷವೆಲ್ಲ ಅದು ಬಿರುಕಿನಲ್ಲಿ ಅಡಗಿದ ಧೂಳಿನಂಥ ಬೀಜ, ಅಷ್ಟೇ. ಶಾಸ್ತ್ರದವರು ಅದಕ್ಕೆ ನಾಲಿಗೆ ಹೊರಳದ ಹೆಸರಿಟ್ಟಿದ್ದಾರೆ. ಚಿಕ್ಕಮ್ಮ ‘ಅವಸರದವಳು’ ಎನ್ನುತ್ತಾಳೆ.

“ನಿನ್ನ ಥರಾನೇ ಕಣೇ, ಕೂತಲ್ಲಿ ಕೂರಲ್ಲ,” ಎಂದು ನಡುವೆ ನನ್ನನ್ನೂ ಎಳೆಯುತ್ತಾಳೆ.

ಅವಳ ನಿವೃತ್ತಿಗೆ ಐದು ತಿಂಗಳಿರುವಾಗ ಹೊಸ ಪ್ರೊಫೆಸರ್ ಬಂದರು. ಈ ಹೂವು ಎಲ್ಲೆಲ್ಲಿ ಬೆಳೆಯುತ್ತದೆಂದು ನಕ್ಷೆ ಮಾಡತೊಡಗಿದರು. ಒಂದು ಹಾಳೆಗೆ ಒಂದು ಚುಕ್ಕೆ. ಹದಿನಾಲ್ಕು ಚುಕ್ಕೆಗಳು ಉತ್ತರದ ಕಲ್ಲುಗುಡ್ಡಗಳ ಮೇಲೆ ಒತ್ತೊತ್ತಾಗಿ ಬಿದ್ದವು. ಹದಿನೈದನೆಯದು ನೂರು ಕಿಲೋಮೀಟರ್ ಕೆಳಗೆ, ಬಯಲಿನಲ್ಲಿ, ನಮ್ಮೂರಿನ ಗೂಡ್ಸ್ ರೈಲಿನ ಯಾರ್ಡಿನಲ್ಲಿ! ಆ ಹಾಳೆಗೆ ಇಪ್ಪತ್ತೆಂಟು ವರ್ಷ. ಗಿಡ ಕಿತ್ತು ತಂದ ಮೇಷ್ಟ್ರು ತೀರಿಕೊಂಡು ಎಷ್ಟೋ ಕಾಲವಾಗಿತ್ತು.

“ಗುಡ್ಡದ ಹೂವು ರೈಲ್ವೆ ಯಾರ್ಡಲ್ಲಿ ಹೇಗೆ ಬರತ್ತಮ್ಮಾ? ಚೀಟಿ ಅದಲುಬದಲಾಗಿದೆ. ಪರವಾಗಿಲ್ಲ ಬಿಡಿ, ಈ ಚುಕ್ಕೆ ತೆಗೆದು, ಹಾಳೆ ಮೇಲೆ ‘ಅಂಟಿಸಿದವರ ತಪ್ಪು’ ಅಂತ ಬರೆದುಬಿಡ್ತೀನಿ,” ಎಂದರಂತೆ.

ಪರವಾಗಿಲ್ಲವಂತೆ! ನನಗೆ ಮೈಯೆಲ್ಲ ಉರಿಯಿತು. ಆದರೂ ಅವತ್ತು ಚಿಕ್ಕಮ್ಮ ತಟ್ಟೆಯ ಅನ್ನ ಮುಟ್ಟದೆ ಕೂತದ್ದು ನೋಡಿ, “ಹೋಗ್ಲಿ ಬಿಡು, ಒಂದು ಚೀಟಿಗೆ ಯಾಕೆ ತಲೆ ಕೆಡಿಸ್ಕೋತೀಯ?” ಎಂದೆ.

“ಒಂದು ತಪ್ಪು ಅಂದ್ರೆ ಹದಿನೆಂಟು ಸಾವಿರಾನೂ ಅನುಮಾನವೇ ಕಣೇ. ನಾನು ಸತ್ತ ಮೇಲೂ ಆ ಹಾಳೆ ನೂರು ವರ್ಷ ಇರತ್ತೆ. ನೂರು ವರ್ಷಾನೂ ‘ಇವಳು ತಪ್ಪಿದಳು’ ಅಂತ ಸಾರ್ತಾ ಇರತ್ತೆ,” ಎಂದಳು.

ಅವಳದೊಂದು ಅಭ್ಯಾಸವಿದೆ. ಅಂಟಿಸುವಾಗ ಒಣಗಿದ ಗಿಡದಿಂದ ಉದುರುವುದನ್ನು ಬೇರೆಯವರು ಒರೆಸಿ ಬಿಸಾಡುತ್ತಾರೆ. ಇವಳು ಎಸಳು, ಬೀಜ, ಬೇರಿನ ಮಣ್ಣು, ಏನೇ ಉದುರಲಿ, ಕಾಗದದ ಪೊಟ್ಟಣದಲ್ಲಿ ಮಡಚಿ ಅದೇ ಹಾಳೆಗೆ ಅಂಟಿಸುತ್ತಾಳೆ. ಇದಕ್ಕೇ ವಿಭಾಗದವರೆಲ್ಲ ಅವಳನ್ನು ‘ಪೊಟ್ಟಣದಮ್ಮ’ ಎಂದು ಆಡಿಕೊಳ್ಳುತ್ತಿದ್ದರು. ಮಾರನೆಯ ದಿನ ಅವಳು ಪ್ರೊಫೆಸರರ ಮೇಜಿನ ಮೇಲೆ ಎರಡು ಹಾಳೆ ತಂದಿಟ್ಟು ಎರಡರ ಪೊಟ್ಟಣವನ್ನೂ ಬಿಚ್ಚಿದಳು. ಗುಡ್ಡದ ಹಾಳೆಯದರಲ್ಲಿ ಕೆಂಪು ಮರಳು. ಯಾರ್ಡಿನದರಲ್ಲಿ ಕಲ್ಲಿದ್ದಲ ಪುಡಿ, ಕಬ್ಬಿಣದ ತುಕ್ಕು.

ಪ್ರೊಫೆಸರ್ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. “ಮಣ್ಣು ಯಾರ್ಡಿನದೇ. ಆದ್ರೆ ಪೊಟ್ಟಣಾನೂ ಬೇರೆ ಗಿಡದ್ದಾಗಿದ್ರೆ? ಗಿಡಾನ ಅಲ್ಲೇ ಕಣ್ಣಾರೆ ನೋಡಿದ್ರೆ ನಂಬ್ತೀನಿ.”

“ಮಳೆ ಶುರುವಾಗಿದೆ ಸಾರ್. ತೋರಿಸ್ತೀನಿ. ಅಲ್ಲೀತನಕ ಪೆನ್ನು ಮುಟ್ಟಬೇಡಿ,” ಎಂದು ಬಂದಳು.

ದಿನಾ ಬೆಳಿಗ್ಗೆ ಕೆಲಸಕ್ಕೆ ಮುಂಚೆ ಯಾರ್ಡಿಗೆ ಹೋದೆವು. ಅವಳು ಬಗ್ಗಿ ಹುಡುಕುವುದು, ನಾನು ಕೊಡೆ ಹಿಡಿದು ಗೊಣಗುವುದು. ಮೂರು ವಾರ ಬರೀ ಹುಲ್ಲು. ಹಳಿ ನೋಡಿಕೊಳ್ಳುವ ಮುದುಕರೊಬ್ಬರು, “ಏನು ಕಳ್ಕೊಂಡ್ರಮ್ಮಾ?” ಎಂದು ವಿಚಾರಿಸಿದರು. ಚಿಕ್ಕಮ್ಮ ಉತ್ತರ ಕೊಡದೆ, “ಈ ಹಳಿ ಕೆಳಗಿನ ಜಲ್ಲಿ ಎಲ್ಲಿಂದ ಬಂದಿದ್ದು ಯಜಮಾನ್ರೇ?” ಎಂದಳು.

“ಉತ್ತರದ ಗುಡ್ಡದ ಕಲ್ಲು. ನಾನೇ ಇಳಿಸಿದ್ದೀನಲ್ಲ, ವ್ಯಾಗನ್‌ಗಟ್ಟಲೆ! ಈಗಿನ ಹಳಿಗಳಿಗೆಲ್ಲ ಬೇರೆ ಜಲ್ಲಿ ಹಾಕಿದ್ದಾರೆ. ಹಳೇದು ಉಳಿದಿರೋದು ಆ ಮೂಲೇಲಿ ಮಾತ್ರ.”

ಚಿಕ್ಕಮ್ಮ ನನ್ನ ಮುಖ ನೋಡಿದಳು. ಕಲ್ಲಿನ ಜೊತೆ ಬೀಜವೂ ರೈಲು ಹತ್ತಿತ್ತು, ಅದೂ ಟಿಕೆಟ್ಟಿಲ್ಲದೆ!

ನಾಲ್ಕನೆಯ ವಾರ, ಗುರುವಾರ, ಆ ಮೂಲೆಯ ತುಕ್ಕು ಹಿಡಿದ ಹಳಿಯ ಪಕ್ಕ ಅವಳು ತಟ್ಟನೆ ಕುಕ್ಕರಗಾಲಲ್ಲಿ ಕೂತಳು. ಕರೀ ಜಲ್ಲಿಯ ಸಂದಿಯಲ್ಲಿ ಏಳು ಗಿಡ, ಮೂರರಲ್ಲಿ ಹೂವು.

“ಬಂದ್ಯೇನೇ?” ಎಂದಳು. ಕೇಳಿದ್ದು ನನ್ನನ್ನಲ್ಲ, ಹೂವನ್ನು. ಅವಳ ಕಣ್ಣು ತುಂಬಿತ್ತು, ನನ್ನದೂ.

ಕಿತ್ತುಕೊಂಡು ಹೋಗೋಣ ಎಂದರೆ ಮುಟ್ಟಗೊಡಲಿಲ್ಲ. “ಅವರೇ ಬಂದು ನೋಡ್ಲಿ. ಓಡು!” ಎಂದು ಅಟ್ಟಿದಳು. ಪ್ರೊಫೆಸರ್ ಶೂ ಲೇಸು ಕಟ್ಟದೆಯೇ ಬಂದರು. ಇಸ್ತ್ರಿ ಪ್ಯಾಂಟಿನಲ್ಲೇ ಮಸಿಯ ಮೇಲೆ ಮೊಣಕಾಲೂರಿ, ಎಸಳು ಎಣಿಸಿ, ಎಲೆ ನೋಡಿ, ಎದ್ದು ನಿಂತು ಕೈಮುಗಿದರು.

“ತಪ್ಪು ನಂದಮ್ಮಾ. ನಿಮ್ಮ ಹಾಳೇದಲ್ಲ.”

ಏಳರಲ್ಲಿ ಒಂದನ್ನೇ ಕಿತ್ತೆವು. ಅದು ಒಣಗಿದ ದಿನ ನನ್ನನ್ನೂ ಕರೆಸಿದರು. ಹೊಸ ಚೀಟಿಯಲ್ಲಿ, ಕಿತ್ತವರು ಎಂಬಲ್ಲಿ, ಚಿಕ್ಕಮ್ಮನ ಹೆಸರು. ಇಷ್ಟು ವರ್ಷ ಊರವರ ಹೆಸರನ್ನೆಲ್ಲ ಅಂಟಿಸಿದವಳ ಹೆಸರು ಚೀಟಿಗೆ ಬಂದದ್ದು ಇದೇ ಮೊದಲು. ಪ್ರೊಫೆಸರ್ ಹಾಳೆಯನ್ನು ಅವಳ ಮುಂದಿಟ್ಟರು. ಅವಳು ಕೈಕಟ್ಟಿ ಕೂತಳು.

“ನನ್ನ ಹೆಸರಿರೋದನ್ನ ನಾನೇ ಅಂಟಿಸ್ಕೊಳ್ಳಲ್ಲ ಸಾರ್. ನೀವು ಅಂಟಿಸಿ.”

ಪಾಪ, ಅಂಟಿಸಿದರು. “ಅಂಟು ಜಾಸ್ತಿ ಆಯ್ತು. ಒಂದೆಲೆ ಮಗುಚಿಡಿ, ಹಿಂಬದೀನೂ ಕಾಣಬೇಕು,” ಎಂದು ಇವಳು ಬಿಡದೆ ಹೇಳುತ್ತಿದ್ದಳು. ಅವರು ವಿದ್ಯಾರ್ಥಿಯ ಹಾಗೆ ತಲೆಯಾಡಿಸಿದರು. ಕೊನೆಗೆ ಮೇಜಿನ ಮೇಲೆ ಚಿಟಿಕೆಯಷ್ಟು ಕಪ್ಪು ಪುಡಿ ಉಳಿಯಿತು. ಅದನ್ನು ಊದಲು ಬಗ್ಗಿದವರು ಹಾಗೇ ತಡೆದು, ಒಂದು ಕಾಗದ ಎಳೆದುಕೊಂಡರು.

“ಪೊಟ್ಟಣ ಮಡಚೋದು ಹೇಗಮ್ಮಾ? ತೋರಿಸ್ಕೊಡಿ,” ಎಂದರು.