ಚಿಲಕ ಹಾಕದ ಬಾಗಿಲು

ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನಲ್ಲಿ ಮಗಳ ಈ ಮನೆಗೆ ಬಂದ ಮರುದಿನ ಬೆಳಗ್ಗೆ ಮುಂಬಾಗಿಲು ನನ್ನನ್ನು 'ಅವ್ವಾ' ಎಂದು ಕರೆಯಿತು.

ಮಗಳು, ಅಳಿಯ ಕೆಲಸಕ್ಕೆ ಹೋಗಿದ್ದರು. ನಮ್ಮವರು ಹಿತ್ತಲಲ್ಲಿದ್ದರು. ನಾನು ಬಾಗಿಲು ತೆರೆದು ನೋಡಿದೆ. ಮೆಟ್ಟಿಲ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಬಿಟ್ಟರೆ ಯಾರೂ ಇಲ್ಲ. ಬೀದಿಯ ಎರಡೂ ತುದಿಯವರೆಗೆ ಒಂದು ನರಪಿಳ್ಳೆಯೂ ಇಲ್ಲ.

"ಅವ್ವಾ, ಹೆದರಬ್ಯಾಡ, ನಾನು ಪ್ರಫುಲ್ಲಾ. ಆ ಬಾಕ್ಸ್ ಒಳಗ ತಗೊ. ಮಾವಿನಹಣ್ಣು ಅದಾವ, ಬಿಸಿಲಿಗೆ ಕೆಡತಾವ."

"ಎಲ್ಲಿದ್ದೀಯವಾ ನೀ?"

"ಆಫೀಸಿನ್ಯಾಗ. ಬೆಲ್ಲಿನ್ಯಾಗ ಕ್ಯಾಮೆರಾ ಅದ. ನಿನ್ನ ನೋಡಾಕತ್ತೀನಿ. ಸೆರಗು ಸರಿ ಮಾಡ್ಕೊ."

ಪೆಟ್ಟಿಗೆ ಎತ್ತಿಕೊಂಡು ಒಳಗೆ ಬಂದೆ. ಆದರೆ ಆ ಪೆಟ್ಟಿಗೆ ತಂದವನು ಎಲ್ಲಿ? ಬಾಗಿಲವರೆಗೆ ಬಂದವನು ಬಂದೆನೆಂದು ಹೇಳದೆ ಹೋಗುತ್ತಾನೆ ಎನ್ನುವುದು ನನಗೆ ಇವತ್ತಿಗೂ ಅರಗುವುದಿಲ್ಲ. ಯಾಕೆಂದರೆ ನಾನು ಬಂದದ್ದು, ಬಾಗಿಲನ್ನು ಯಾರೂ ಮುಟ್ಟದ ಊರಿನಿಂದ.

ಅದು ಟಾಂಜಾನಿಯಾದ ದಕ್ಷಿಣದಲ್ಲಿ ನದಿಯೊಂದರ ದಂಡೆಯ ಹಳ್ಳಿ. ಬೆಟಗೇರಿಯಲ್ಲಿ ನಾನು ಮೂವತ್ತು ವರ್ಷ ವಿಜ್ಞಾನ ಕಲಿಸಿದವಳು, ನಮ್ಮವರು ದಿನಾ ರೈಲಿನಲ್ಲಿ ಹೋಗಿಬಂದು ಹುಬ್ಬಳ್ಳಿಯ ಐಟಿಐಯಲ್ಲಿ ಹುಡುಗರಿಗೆ ಫಿಟ್ಟರ್ ಕೆಲಸ ಕಲಿಸಿದವರು. ನಿವೃತ್ತಿಯಾದ ಮೇಲೆ ಡಲ್ಲಾಸಿನ ಒಂದು ಸಣ್ಣ ಭಾರತೀಯ ಕ್ರೈಸ್ತ ಸಭೆ ನಮ್ಮನ್ನು ಆ ಹಳ್ಳಿಯ ಮಿಷನ್ ಆಸ್ಪತ್ರೆಗೆ ಕಳಿಸಿತು. 'ಮಿಷನರಿ' ಎಂದಾಗ ನಮ್ಮೂರಲ್ಲಿ ಜನ ಉದ್ದ ನಿಲುವಂಗಿ, ದೊಡ್ಡ ಉಪದೇಶ ಎಂದುಕೊಳ್ಳುತ್ತಾರೆ. ನಮ್ಮವರು ಅಲ್ಲಿ ಉಪದೇಶ ಮಾಡಿದ್ದನ್ನು ನಾನು ಕಂಡಿಲ್ಲ. ಅವರು ಕಾಲು ಮುರಿದ ಮಂಚಗಳಿಗೆ ಬೆಸುಗೆ ಹಾಕಿದರು, ಕೈಪಂಪಿನ ವಾಷರ್ ಬದಲಿಸಿದರು, ಗಾಲಿಕುರ್ಚಿಗೆ ಸೈಕಲ್ಲಿನ ಚಕ್ರ ಜೋಡಿಸಿದರು. ನಾನು ಬೆಳಗ್ಗೆ ನರ್ಸ್ ತರಬೇತಿಯ ಹುಡುಗಿಯರಿಗೆ ಪಾಠ ಹೇಳುತ್ತಿದ್ದೆ. ಮಧ್ಯಾಹ್ನ ಬೇಳೆ ಬೇಯುವುದನ್ನು ಕಾಯುತ್ತಿದ್ದೆ, ಆ ಊರಿನ ಬೇಳೆ ಬೇಯುವುದೇ ಇಲ್ಲ. ಸಂಜೆ ಇಬ್ಬರೂ ಜಗಲಿಯಲ್ಲಿ ಕೂತು ಒಬ್ಬರ ಮೊಣಕಾಲಿಗೆ ಒಬ್ಬರು ಎಣ್ಣೆ ತಿಕ್ಕುತ್ತಿದ್ದೆವು. ಇಷ್ಟೇ ನಮ್ಮ ಸೇವೆ.

ನನಗೆ ಅಲ್ಲಿಯ ಮಾತು ಕಲಿಸಿದವಳು ನೇಮಾ. ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ ಅವಳದು, ಮನೆ ನಮ್ಮ ಮಗ್ಗುಲಲ್ಲೇ. ನಲವತ್ತರ ಹೆಂಗಸು, ಮುಂಗೈಯಲ್ಲಿ ಗಂಡಸಿನ ಬಲ. ಕಣ್ಣು ಕಾಣದ ತಾಯಿಯೊಡನೆ ಇದ್ದಳು. ಆ ತಾಯಿಯನ್ನು ಊರೆಲ್ಲ ಬೀಬಿ ಎನ್ನುತ್ತಿತ್ತು, ಅಜ್ಜಿ ಎಂದರ್ಥ. ನನ್ನನ್ನು ಎಲ್ಲರೂ 'ಮಾಮಾ' ಎನ್ನುತ್ತಿದ್ದರು. ಅಲ್ಲಿ ಅದು ತಾಯಿಗೆ ಹೇಳುವ ಮಾತು. ನಮ್ಮವರಿಗೆ ಇದೊಂದು ತಮಾಷೆ. "ಬರ್ರಿ ಮಾಮಾರ, ಊಟಕ್ಕ ಕೂಡ್ರಿ" ಎಂದು ನನ್ನನ್ನು ಕಾಡುತ್ತಿದ್ದರು.

ಅಲ್ಲಿ ಯಾರ ಮನೆಗೇ ಹೋಗಲಿ, ಬಾಗಿಲು ತಟ್ಟುವಂತಿಲ್ಲ, ತಳ್ಳುವಂತಿಲ್ಲ. ಅಂಗಳದಲ್ಲಿ ನಿಂತು 'ಹೋಡಿ' ಎನ್ನಬೇಕು. ನಾನು ಬಂದಿದ್ದೇನೆ, ಬರಲೇ ಎಂಬ ಮಾತು ಅದು. ಒಳಗಿನವರು 'ಕರಿಬು' ಎಂದರೆ ಒಳಗೆ ಬನ್ನಿ ಎಂದು. ಆ ಉತ್ತರ ಬರುವತನಕ ಬಾಗಿಲು ಹಾರುಹೊಡೆದಿದ್ದರೂ ಹೊಸ್ತಿಲು ದಾಟುವಂತಿಲ್ಲ. ಮೊದಮೊದಲು ನಾನು ನೇಮಾಳ ಮನೆಗೆ ಬೆಟಗೇರಿಯ ಓಣಿಯಲ್ಲಿ ಹೋದಂತೆ ನೇರ ನುಗ್ಗಿದೆ. ಅವಳು ನನ್ನ ರಟ್ಟೆ ಹಿಡಿದು ಹೊರಗೆ ಒಯ್ದು ಅಂಗಳದಲ್ಲಿ ನಿಲ್ಲಿಸಿದಳು. "ಕಳ್ಳರು ಮಾತ್ರ ಹೀಗೆ ಬರ್ತಾರೆ ಮಾಮಾ. ಈಗ ಕೂಗು." ಕೂಗಿದೆ. ಒಳಗಿನಿಂದ ಬೀಬಿ ನಕ್ಕು 'ಕರಿಬು' ಎಂದಳು. ನಾನು ನಾಚಿಕೊಂಡು ಅಲ್ಲೇ ನಿಂತೆ. ನೇಮಾ ಬೆನ್ನಿಗೆ ಒಂದು ಗುದ್ದಿದಳು. "ಕರೆದ ಮೇಲೂ ಹೊರಗೆ ನಿಂತರೆ ಅವಮಾನ. ನಡಿ ಒಳಗೆ."

ಜೋಳದ ಹಿಟ್ಟು ಅಲ್ಲಿಯೂ ಸಿಗುತ್ತದೆ. ನಾನು ರೊಟ್ಟಿ ಬಡಿಯುವ ಸದ್ದಿಗೆ ನೇಮಾ ಬಂದು ಕೂರುತ್ತಿದ್ದಳು. ಅವರ ಊಟ ಉಗಾಲಿ, ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆ. "ಇದನ್ನೇ ಮುದ್ದೆ ಮಾಡಿ ತಿಂದರೆ ಆಗಲ್ವಾ? ಹಿಟ್ಟಿಗೆ ಯಾಕೆ ಇಷ್ಟು ಹೊಡೀತೀಯಾ, ಅದೇನು ತಪ್ಪು ಮಾಡಿದೆ?" ಎನ್ನುತ್ತಲೇ ಕಲಿತಳು. ಕೊನೆಕೊನೆಗೆ ನನಗಿಂತ ತೆಳ್ಳಗೆ ಬಡಿಯುತ್ತಿದ್ದಳು.

ನೀರು ಬಂದ ದಿನದ ಮಾತು ಈಗ ಹೇಳಬೇಕು. ಹೇಳದಿದ್ದರೆ ಉಳಿದದ್ದು ನಿಮಗೆ ಅರ್ಥವಾಗುವುದಿಲ್ಲ.

ಹಗಲು, ಮಧ್ಯಾಹ್ನದ ಊಟ ಮುಗಿದಿತ್ತು. ವಾರದಿಂದ ಮಳೆ. ಆಸ್ಪತ್ರೆಯ ಉಗ್ರಾಣ ಸೋರುತ್ತಿದೆಯೆಂದು ಔಷಧದ ಪೆಟ್ಟಿಗೆಗಳನ್ನು ನಮ್ಮ ಮನೆಗೆ ತಂದಿದ್ದರು. ನಾವಿಬ್ಬರೂ ಅವನ್ನು ಮೇಜಿನ ಮೇಲೆ ಪೇರಿಸುತ್ತಿದ್ದೆವು. ನಮ್ಮದು ತಗಡಿನ ಮಾಡು. ಅದರ ಮೇಲೆ ಲಾರಿಯಿಂದ ಜಲ್ಲಿ ಸುರಿದ ಹಾಗೆ ಸದ್ದು. ಪಕ್ಕದಲ್ಲಿದ್ದ ನಮ್ಮವರು ಬಾಯಿ ತೆರೆದರೆ ತುಟಿ ಮಾತ್ರ ಕಾಣುತ್ತಿತ್ತು. ಬಾಗಿಲ ಸಂದಿಯಿಂದ ಕೆಂಪು ನೀರು ಸಣ್ಣಗೆ ಒಳಗೆ ಹರಿದಾಗ, ಎರಚಲು ಇರಬೇಕು ಎಂದುಕೊಂಡು ಗೋಣಿಚೀಲ ಹಾಸಿದೆ. ಮತ್ತೊಂದು ಪೆಟ್ಟಿಗೆ ಎತ್ತುವಾಗ ಯಾಕೋ ಕಿಟಕಿ ತೆರೆದೆ.

ಅಂಗಳ ಇರಲಿಲ್ಲ. ನದಿ ಇತ್ತು. ನಮ್ಮ ಮೆಟ್ಟಿಲ ಕೆಳಗೆ ಸೊಂಟಮಟ್ಟದ ನೀರಿನಲ್ಲಿ, ಎರಡೂ ಕೈ ಮೇಲೆತ್ತಿ, ನೇಮಾ ನಿಂತಿದ್ದಳು. ಮುಖ ನಮ್ಮ ಬಾಗಿಲ ಕಡೆಗೆ. ತುಟಿ ಅಲುಗುತ್ತಿತ್ತು. ಹೋಡಿ. ಹೋಡಿ. ಹೋಡಿ.

ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಒಂದು ಬೆರಳಲ್ಲಿ ತಳ್ಳಿದ್ದರೂ ತೆರೆಯುತ್ತಿತ್ತು.

ಅವಳು ನಮ್ಮಿಬ್ಬರನ್ನೂ ಒಂದೊಂದು ಕೈಯಲ್ಲಿ ಹಿಡಿದು ಶಾಲೆಯ ದಿಬ್ಬಕ್ಕೆ ಹತ್ತಿಸಿದಳು. ನಮ್ಮವರ ಕನ್ನಡಕ ಹೋಯಿತು, ನನ್ನ ಒಂದು ಚಪ್ಪಲಿ ಹೋಯಿತು. ದಿಬ್ಬದ ಮೇಲೆ ನಮ್ಮನ್ನು ಕೂರಿಸಿ, "ಅಮ್ಮನ್ನ ಕರ್ಕೊಂಡು ಬರ್ತೀನಿ" ಎಂದು ಇಳಿದಳು. ಹೋಗಬೇಡ ಎಂದು ನಾನು ಕೂಗಿದೆ. ಮಳೆಯಲ್ಲಿ ಕೇಳಿಸಿತೋ ಇಲ್ಲವೋ. ಬೀಬಿಯನ್ನು ಅಷ್ಟರಲ್ಲಾಗಲೇ ಅಕ್ಕಪಕ್ಕದವರು ಹೊತ್ತುಕೊಂಡು ಇನ್ನೊಂದು ದಾರಿಯಿಂದ ಚರ್ಚಿನ ಗುಡ್ಡಕ್ಕೆ ಸಾಗಿಸಿದ್ದರು. ಅದು ನೇಮಾಳಿಗೆ ಗೊತ್ತಿರಲಿಲ್ಲ. ನೀರು ಇಳಿದ ಮೇಲೆ ಅವಳು ಬಾಳೆತೋಟದಲ್ಲಿ ಸಿಕ್ಕಳು.

ಅವಳು ನಮ್ಮ ಬಾಗಿಲಲ್ಲಿ ಎಷ್ಟು ಹೊತ್ತು ನಿಂತಿದ್ದಳು? ನಾನು ಕೇಳುವುದು ಇದೊಂದನ್ನೇ. ಬೇಗ ಕೇಳಿಸಿದ್ದರೆ, ಬೇಗ ದಿಬ್ಬ ಹತ್ತಿದ್ದರೆ, ನೀರು ಮೊಣಕಾಲಿಗಿದ್ದಾಗಲೇ ಅವಳು ಹೋಗಿ ಬಂದಿರುತ್ತಿದ್ದಳಲ್ಲ. ನಮ್ಮವರು, "ಒಂದ್ ಚಣ ನಿಂತಿರಬೇಕು, ಅಷ್ಟ" ಎನ್ನುತ್ತಾರೆ. ನನಗೆ ಕಿಟಕಿಯಿಂದ ಕಂಡ ಮುಖ ಆಗತಾನೇ ಬಂದವಳ ಮುಖವಾಗಿರಲಿಲ್ಲ.

ಆಮೇಲೆ ನಮ್ಮನ್ನು ಇಲ್ಲಿಗೆ ಕರೆತಂದರು. ಮಗಳ ಮನೆ ಚೆನ್ನಾಗಿದೆ. ಸೋರದ ಮಾಡು, ತಿರುಗಿಸಿದರೆ ಬಿಸಿನೀರು, ಅಂಗಡಿಯಲ್ಲಿ ತಟಕ್ಕನೆ ಬೇಯುವ ತೊಗರಿಬೇಳೆ. ಅಲ್ಲಿ ಹಾದಿಯಲ್ಲಿ ಎದುರಾದ ಮಗು ಕೂಡ 'ಶಿಕಮೂ' ಎಂದು ಹಿರಿಯರಿಗೆ ನಮಸ್ಕರಿಸಿ, ನಾವು ಉತ್ತರ ಕೊಡುವವರೆಗೆ ನಿಲ್ಲುತ್ತಿತ್ತು. ಇಲ್ಲಿ ವಾಕಿಂಗ್ ಹೋದಾಗ ಎದುರಾದವರು ನಗುತ್ತಾರೆ, ಹೇಗಿದ್ದೀರಿ ಎಂದು ಕೇಳುತ್ತಾರೆ, ಉತ್ತರಕ್ಕೆ ಕಾಯದೆ ಮುಂದೆ ಹೋಗುತ್ತಾರೆ. ಕೆಟ್ಟ ಜನರಲ್ಲ. ಕಾಯುವ ರೂಢಿ ಇಲ್ಲ, ಅಷ್ಟೆ. ಒಮ್ಮೊಮ್ಮೆ ನನಗೆ ಅದೇ ವಾಸಿ ಎನಿಸುತ್ತದೆ. ನೇಮಾಳಿಗೂ ಆ ರೂಢಿ ಇಲ್ಲದಿದ್ದರೆ?

ಹ್ಯೂಸ್ಟನ್ನಿನ ಸುತ್ತ ಮಳೆ ಜೋರಾದರೆ ಮನೆಯ ಫೋನುಗಳೆಲ್ಲ ಒಟ್ಟಿಗೆ ಕಿರುಚುತ್ತವೆ, ಪ್ರವಾಹದ ಎಚ್ಚರಿಕೆ. ಮೊದಲ ಸಲ ಕಿರುಚಿದಾಗ ನಾನು ಅಡುಗೆಮನೆಯಿಂದ ಓಡಿ ಮಹಡಿಯ ಮೆಟ್ಟಿಲ ತುದಿಯಲ್ಲಿ ಕೂತಿದ್ದೆನಂತೆ, ಕೈಯಲ್ಲಿ ಚಪ್ಪಲಿ ಹಿಡಿದುಕೊಂಡು. ಹತ್ತಿದ್ದು ನನಗೆ ನೆನಪಿಲ್ಲ.

ಡಲ್ಲಾಸಿನ ಸಭೆಯವರು ಒಂದು ಭಾನುವಾರ ಕರೆಸಿದರು. ಮಾತಾಡಿ ಎಂದರು. ನಾನು ಮೈಕನ್ನು ಪಕ್ಕಕ್ಕೆ ದಾಟಿಸಿದೆ. ನಮ್ಮವರು ಪಂಪಿನ ವಾಷರುಗಳ ಬಗ್ಗೆ ಮಾತಾಡಿದರು. ಊಟದ ಹೊತ್ತಿನಲ್ಲಿ ಸಭೆಯ ಮುಖ್ಯಸ್ಥರೊಬ್ಬರು, ಮೈಸೂರಿನ ಕಡೆಯವರು, ತಟ್ಟೆ ಹಿಡಿದುಕೊಂಡು ಬಂದು ಪಕ್ಕ ಕೂತರು.

"ಅಂಕಲ್, ಬೇಜಾರ್ ಮಾಡ್ಕೋಬೇಡಿ. ಈ ವಯಸ್ಸಲ್ಲಿ ನಿಮ್ಮನ್ನ ವಾಪಸ್ ಕಳ್ಸೋಕೆ ನಮಗೆ ಧೈರ್ಯ ಇಲ್ಲ. ನೀವು ಮಾಡಿದ್ದೇ ಬೇಕಾದಷ್ಟಾಯ್ತು."

"ನೀವು ಕಳಸೂದು ಬ್ಯಾಡ್ರಿ. ನಾನ ಹೋಗ್ತೀನಿ," ಎಂದರು ನಮ್ಮವರು, ಪುಳಿಯೋಗರೆ ಕಲಸುತ್ತ.

ಪ್ರಫುಲ್ಲಾಳ ಮುಖ ಕೆಂಪಾಯಿತು. "ಪಪ್ಪಾ, ಹುಚ್ಚು ಹಿಡದದೇನು ನಿಮಗ? ಅವ್ವನ ಸ್ಥಿತಿ ನೋಡ್ರಿ ಒಂದೀಟು."

"ನಿಮ್ಮವ್ವಗ ನಾ ಬಾ ಅಂದಿಲ್ಲಲ್ಲ."

ಅಂದಿರಲಿಲ್ಲ, ನಿಜ. ಅಂದಿದ್ದರೆ ನಾನು ಏನು ಹೇಳುತ್ತಿದ್ದೆನೋ ನನಗೇ ಗೊತ್ತಿರಲಿಲ್ಲ.

ಅದು ಗೊತ್ತಾದದ್ದು ಮರಳುವ ದಾರಿಯಲ್ಲಿ. ಮೊಮ್ಮಗಳು ರೂತ್ ಆಸ್ಟಿನ್ನಿನಲ್ಲಿ ಓದುತ್ತಾಳೆ. ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಊರ ಹೊರಗಿನ ಬೆಟ್ಟಗಳನ್ನು ನೋಡಲು ಹೊರಟೆವು. ಅಲ್ಲಿ ರಸ್ತೆ ಒಂದು ಹಳ್ಳಕ್ಕೆ ಇಳಿದು ಮತ್ತೆ ಏರುತ್ತದೆ, ಸೇತುವೆಯಿಲ್ಲ. ಪಕ್ಕದಲ್ಲಿ ಒಂದು ಕಂಬ, ಕಂಬದ ಮೇಲೆ ಅಡಿಗಳ ಗೆರೆ. ನೀರು ಎಷ್ಟು ಬಂದಿದೆ ಎಂದು ನೋಡಿ ದಾಟಲೋ ಬೇಡವೋ ತಿಳಿಯಲು. ಹಳ್ಳದಲ್ಲಿ ಒಂದು ಹನಿ ನೀರಿರಲಿಲ್ಲ. ಬಿಳಿ ಕಲ್ಲು, ಒಣ ಹುಲ್ಲು. ನನ್ನ ಕಣ್ಣು ಕಂಬದ ಮೇಲೆ ಸೊಂಟದ ಎತ್ತರದ ಗೆರೆಗೆ ಹೋಯಿತು. "ಕಾರು ನಿಲ್ಲಸವಾ" ಎಂದು ಕಿರುಚಿದೆ.

ಪ್ರಫುಲ್ಲಾ ನಿಲ್ಲಿಸಿದಳು. "ನೀರಿಲ್ಲವ್ವಾ, ನೋಡು, ಒಣಗೇದ."

ನೋಡಿದೆ. ಒಣಗಿತ್ತು. ದಾಟಲು ಆಗಲಿಲ್ಲ. ರೂತ್ ನನ್ನ ಕೈ ಹಿಡಿದು, "ಇಟ್ಸ್ ಓಕೆ, ಅಜ್ಜಿ. ವಿ ಕ್ಯಾನ್ ಗೋ ಬ್ಯಾಕ್" ಎಂದಳು. ಪ್ರಫುಲ್ಲಾ ಕಾರು ತಿರುಗಿಸಿದಳು. ನಮ್ಮವರು ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತವರು, ಬಹಳ ದೂರ ಬಂದ ಮೇಲೆ ಮೆಲ್ಲಗೆ ಹೇಳಿದರು.

"ನೀ ಬರೂದು ಬ್ಯಾಡ."

"ನೀವು ಹೋಗೂದು ಬ್ಯಾಡ್ರಿ."

"ಬೀಬಿಗೆ ಕಣ್ಣಿಲ್ಲ. ಇದ್ದ ಒಬ್ಬಾಕಿ ಮಗಳು ನಮ್ಮ ಬಾಗಲಾಗ ನಿಂತಳು. ನಾ ಇಲ್ಲೆ ಕುಂತು ಹ್ಯಾಂಗ ಉಣ್ಣಲಿ, ಹೇಳು."

ಮದುವೆಯಾದ ಮೇಲೆ ನಾವು ಬೇರೆ ಬೇರೆ ಊರಲ್ಲಿ ಉಂಡ ದಿನಗಳು ಬಹಳ ಕಡಿಮೆ. ಅವರಿಗೆ ಉಪ್ಪು ಕಡಿಮೆ ಹಾಕಬೇಕು, ಮಾತ್ರೆ ನೆನಪಿಸಬೇಕು, ಎಡಗಿವಿ ಕೇಳುವುದಿಲ್ಲ. ಇದನ್ನೆಲ್ಲ ಹೇಳಿದೆ. ಬಲಗಿವಿಯ ಕಡೆಗೇ ಕೂತು ಹೇಳಿದೆ. ಅವರು ಕಿಟಕಿಯಾಚೆ ನೋಡುತ್ತ ನನ್ನ ಮೊಣಕಾಲು ತಿಕ್ಕುತ್ತಿದ್ದರು.

ಹೋದರು. ಹ್ಯೂಸ್ಟನ್ನಿನ ವಿಮಾನ ನಿಲ್ದಾಣದಲ್ಲಿ ಅವರ ಕೈಚೀಲದಲ್ಲಿ ಎರಡು ಸ್ಪ್ಯಾನರ್ ಸಿಕ್ಕವೆಂದು ತಪಾಸಣೆಯವರು ತಡೆದು ಹಿಂದಕ್ಕೆ ಕಳಿಸಿದರು. "ದೊಡ್ಡ ಪೆಟ್ಟಿಗ್ಯಾಗ ಹಾಕ್ರಿ ಅಂತ ಬಡಕೊಂಡೆ" ಎಂದು ಬೈದೆ. ಬೈಯುವುದಕ್ಕೆ ಏನಾದರೂ ಸಿಕ್ಕಿದ್ದು ಒಳ್ಳೆಯದೇ ಆಯಿತು, ಅಳು ತಡೆಯಿತು. ಅವರು ಸ್ಪ್ಯಾನರುಗಳನ್ನು ನನ್ನ ಕೈಗೆ ಕೊಟ್ಟು ಒಳಗೆ ನಡೆದರು. ಆ ಎರಡೂ ಈಗ ಅಡುಗೆಮನೆಯ ಕಿಟಕಿಯ ಅಂಚಿನಲ್ಲಿವೆ. ಪ್ರಫುಲ್ಲಾ ತೆಗೆದಿಡಲೇ ಎಂದು ಕೇಳುವುದನ್ನು ಬಿಟ್ಟಿದ್ದಾಳೆ.

ನಿನ್ನೆ ಬೆಳಗ್ಗೆ ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ಫೋನು ಬಂತು, ಅಲ್ಲಿ ಸಂಜೆ. ಪರದೆಯ ಮೇಲೆ ಅವರ ಗಲ್ಲ, ಆಮೇಲೆ ಕೊಡೆಯ ಅಂಚು, ಆಮೇಲೆ ಮಳೆ.

"ಬೀಬಿಗೆ ಹೊಸಾ ಮನಿ ಕಟ್ಟ್ಯಾರ. ಗುಡ್ಡದ ಮ್ಯಾಲ. ಅಂಗಳದಾಗ ನಿಂತೀನಿ. ನೀನ ಕರಿ."

"ಹೋಡಿ," ಎಂದೆ.

ಫೋನಿನೊಳಗಿಂದ ತಗಡಿನ ಮೇಲೆ ಮಳೆಯ ಸದ್ದಷ್ಟೇ ಬರುತ್ತಿತ್ತು. ನನ್ನ ಕಾಲು ಮೆಟ್ಟಿಲ ಕಡೆಗೆ ತಿರುಗಿತು. ಸ್ಪ್ಯಾನರಿನ ಪಕ್ಕ ಕಿಟಕಿಯ ಅಂಚನ್ನು ಹಿಡಿದುಕೊಂಡೆ.

"ಕೇಳಿಸಿಲ್ಲ ಆಕಿಗೆ. ಜೋರಾಗಿ ಕರಿ," ಎಂದರು.

"ನೀವು ಒಳಗ ಹೋಗ್ರಿ! ಬಾಗಲಾ ತಳ್ಳಿ ಹೋಗ್ರಿ!"

"ಹಂಗ ಹೋಗಬಾರದು, ಗೊತ್ತದಲ್ಲ ನಿನಗ. ಕರಿ."

ಕರೆದೆ. ಹಿಟ್ಟಿನ ಕೈಯಲ್ಲಿ ಫೋನು ಹಿಡಿದು, ನಿದ್ದೆಯಲ್ಲಿದ್ದ ಮಗಳು ಅಳಿಯ ಇಳಿದು ಬರುವಷ್ಟು ಜೋರಾಗಿ, ನೇಮಾ ಎಷ್ಟು ಜೋರಾಗಿ ಕೂಗಿರಬೇಕೋ ಅಷ್ಟು ಜೋರಾಗಿ ಕೂಗಿದೆ. ಹೋಡಿ, ಹೋಡಿ. ನಿಲ್ಲಿಸಲು ಬರಲಿಲ್ಲ.

ಮಳೆಯ ನಡುವಿನಿಂದ ಮುದಿ ದನಿಯೊಂದು ಬಂತು. "ಕರಿಬು, ಮಾಮಾ. ಕರಿಬು."

ನಮ್ಮವರು ಕೊಡೆ ಮಡಚಿ, ತಲೆ ಬಗ್ಗಿಸಿ ಒಳಗೆ ಹೋದರು. ಪರದೆ ಕತ್ತಲಾಯಿತು. ಕತ್ತಲಿನಿಂದ ಬೀಬಿ ಮತ್ತೆ ಕೇಳಿದಳು. "ಮಾಮಾ ಎಲ್ಲಿ? ಕರೆದೆನಲ್ಲ, ಯಾಕೆ ಇನ್ನೂ ಹೊರಗೆ ನಿಂತಿದ್ದಾಳೆ?"

ನಾನು ಶುಗರ್ ಲ್ಯಾಂಡಿನ ಅಡುಗೆಮನೆಯಲ್ಲಿ ನಿಂತಿದ್ದೆ.