ಹಣತೆಗೆ ಹಿಡಿದ ಕೋವಿ

ಭಾವನ ತೊಡೆಯನ್ನು ಕಾಡುಹಂದಿ ಸೀಳಿದ್ದು ರಾಗಿ ತೆನೆ ಕಟ್ಟಿದ್ದ ಕಾಲದಲ್ಲಿ. ನಾನಾಗ ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದೆ. ದೀಪಾವಳಿ ರಜೆಗೆ ಅಕ್ಕನ ಮನೆಗೆ ಹೋದಾಗ ಭಾವ ಹಜಾರದಲ್ಲಿ ಕಾಲು ಚಾಚಿ ಮಲಗಿದ್ದರು. ಪಿರಿಯಾಪಟ್ಟಣದ ಡಾಕ್ಟರು ಹಾಕಿದ್ದ ಹೊಲಿಗೆ ಒಂದು ಕಡೆ ಬಿಟ್ಟುಕೊಂಡು ಕೀವಾಗಿತ್ತು. ಅಕ್ಕ ಬಟ್ಟೆ ಬದಲಾಯಿಸುತ್ತಿದ್ದಳು. ಆ ಗಾಯವನ್ನು ನೋಡಲಾಗದೆ ನಾನು ಗೋಡೆಯ ಕಡೆ ತಿರುಗಿಕೊಂಡೆ. ಗೋಡೆಯ ಮೇಲೆ, ಎರಡು ಗೂಟಗಳ ನಡುವೆ, ಕೋವಿ ಇತ್ತು. ಭಾವ ಅದನ್ನು ಆಗಲೇ ಒರೆಸಿ ಎಣ್ಣೆ ಸವರಿದ್ದರು. ಏಳಲಾಗದ ಮನುಷ್ಯ ಅದನ್ನು ಹೇಗೆ ಒರೆಸಿದರೆಂದು ಅಕ್ಕನನ್ನು ಕೇಳಿದೆ. ಮಲಗಿದಲ್ಲಿಗೇ ತರಿಸಿಕೊಂಡಿದ್ದರಂತೆ.

ಅದು ಅವರ ತಂದೆಯ ಕಾಲದ ಜೋಡುನಳಿಗೆ ಕೋವಿ. ನಳಿಗೆಗಳು ಅಕ್ಕಪಕ್ಕ, ಅವುಗಳಿಗೆ ಒಂದರ ಹಿಂದೊಂದು ಎರಡು ಕುದುರೆ. ಮುಂದಿನ ಕುದುರೆ ಎಳೆದರೆ ಬಲನಳಿಗೆಯ ಈಡು ಹಾರುತ್ತಿತ್ತು, ಬೆರಳನ್ನು ಹಿಂದಿನದಕ್ಕೆ ಜಾರಿಸಿ ಎಳೆದರೆ ಎಡನಳಿಗೆಯದು. ಆಯುಧಪೂಜೆಯಲ್ಲಿ ನೇಗಿಲು ಮಚ್ಚುಗಳ ಸಾಲಿನಲ್ಲಿ ಅದನ್ನು ಇಡುತ್ತಿರಲಿಲ್ಲ. ಅದಕ್ಕೇ ಬೇರೆ ಮಣೆ. ಹೊಲಕ್ಕೆ ನುಗ್ಗುವ ಹಂದಿಯನ್ನು ಹೊಡೆಯಲೆಂದು ಸರ್ಕಾರ ಲೈಸೆನ್ಸು ಕೊಟ್ಟಿತ್ತು. ಆದರೆ ಭಾವ ಹಂದಿ ಹೊಲಕ್ಕೆ ಬರುವ ತನಕ ಕಾಯುವವರಲ್ಲ. ವೀರನಹೊಸಹಳ್ಳಿಯ ಕಡೆಯ ಕಾಡಿಗೆ ಅವರೇ ಹೋಗುತ್ತಿದ್ದರು. ರಾತ್ರಿ ಹೋದರೆ ಮರುದಿನ ಬೆಳಗಿನ ಜಾವಕ್ಕೇ ಅಕ್ಕ ಎದ್ದು ಕೊಟ್ಟಿಗೆಯ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಅವರ ತಲೆ ದಾರಿಯಲ್ಲಿ ಕಾಣಿಸಿದ ಮೇಲೆಯೇ ಹಾಲು ಕರೆಯಲು ಕೂರುತ್ತಿದ್ದಳು.

ಆ ಗಾಯ ಮಾಯುವ ಮೊದಲೇ ಅಕ್ಕ ಅವರಿಂದ ಆಣೆ ಹಾಕಿಸಿಕೊಂಡಳು. ಇನ್ನು ಕಾಡಿಗೆ ಹೋಗಕೂಡದು. ಭಾವ ಅವಳ ತಾಳಿ ಮುಟ್ಟಿ ಒಪ್ಪಿದರು, ಒಪ್ಪಿದಂತೆ ನಡೆದುಕೊಂಡರು ಕೂಡ. ಆದರೆ ಆಮೇಲೆ ಮನೆಯಲ್ಲಿ ಓಡಾಡುತ್ತಿದ್ದ ಮನುಷ್ಯ ಬೇರೆಯವರಾಗಿದ್ದರು. ಉಂಡರೆ ಉಂಡರು, ಇಲ್ಲದಿದ್ದರೆ ಇಲ್ಲ. ಸಂಜೆಯಾದರೆ ಜಗಲಿಯಲ್ಲಿ ಕೂತು ಕಾಡಿನ ಕಡೆ ನೋಡುವುದು. ಈ ಆಣೆ ಎಷ್ಟು ದಿನ ಉಳಿದೀತು ಎಂಬುದೊಂದೇ ಅಕ್ಕನ ಚಿಂತೆ. ಅವಳು ನನಗೆ ಬರೆಸಿದ ಎರಡು ಕಾಗದಗಳಲ್ಲೂ ಬೇರೆ ಸುದ್ದಿಯೇ ಇರಲಿಲ್ಲ.

ಹೀಗಿರುವಾಗ ಕೊಡಗಿನ ಗಡಿಯಾಚೆಯ ಕಾಫಿ ತೋಟದ ಯಜಮಾನರೊಬ್ಬರು ಭಾವನನ್ನು ಕರೆಸಿದರು. ಹಿಂದೆ ಇಬ್ಬರೂ ಕೂಡಿ ಬೇಟೆಯಾಡಿದ್ದವರು. ತೋಟದಲ್ಲಿ ವರ್ಷಕ್ಕೊಂದೆರಡು ಸಲ ಗುರಿಪಂದ್ಯ ನಡೆಸುತ್ತಿದ್ದರಂತೆ. ಕೊನೆಯ ಪರೀಕ್ಷೆ ಮುಗಿಸಿ, ಕೆಲಸ ಸಿಗುವ ತನಕ ಅಕ್ಕನ ಮನೆಯಲ್ಲಿರಲು ಬಂದಿದ್ದ ನನ್ನನ್ನೂ ಭಾವ ಕರೆದುಕೊಂಡು ಹೋದರು. ಅಲ್ಲಿ ಒಂದು ಸ್ಪ್ರಿಂಗಿನ ಯಂತ್ರವಿತ್ತು. ಅದು ತಟ್ಟೆಯಂಥ ಕಪ್ಪು ಮಣ್ಣಿನ ಬಿಲ್ಲೆಗಳನ್ನು ಹಕ್ಕಿ ಏಳುವಂತೆ ಆಕಾಶಕ್ಕೆ ಎಸೆಯುತ್ತಿತ್ತು. ಹಾರುತ್ತಿರುವಾಗಲೇ ಹೊಡೆದು ಪುಡಿ ಮಾಡಬೇಕು. ಕೊನೆಗೆ ಜೋಡಿ ಬಿಲ್ಲೆ: ಒಂದರ ಹಿಂದೆಯೇ ಇನ್ನೊಂದು.

ಭಾವ ಒಂದನ್ನೂ ಒಡೆಯಲಿಲ್ಲ. ನೆರೆದಿದ್ದವರಲ್ಲಿ ಒಬ್ಬರು, "ಗೌಡ್ರೇ, ಬಿಲ್ಲೆಗೆ ನಾಲ್ಕು ಕಾಲಿಲ್ಲ, ನೆಲದಲ್ಲಿ ಹುಡುಕ್ಬೇಡಿ," ಎಂದರು. ಎಲ್ಲರೂ ನಕ್ಕರು. ಭಾವನೂ ನಕ್ಕರು, ಆದರೆ ಅವರ ಕಿವಿ ಕೆಂಪಾಗಿತ್ತು.

ತೋಟದ ಯಜಮಾನರು ಮಾತ್ರ ನಗದೆ ಕೋವಿಯನ್ನು ಇಸಿದುಕೊಂಡು ಹೆಗಲಿಗೆ ಹಿಡಿದು ನೋಡಿದರು. ತಪ್ಪು ನಿಮ್ಮದಲ್ಲ, ಹೆಗಲಿಗೆ ಆನಿಸುವ ಕೋವಿಯ ಮರ ಬಹಳ ಕೆಳಕ್ಕೆ ಬಾಗಿದೆ, ಕೆನ್ನೆ ತಗ್ಗಿನಲ್ಲಿ ಕೂರುತ್ತದೆ, ಮೇಲೇಳುವ ಗುರಿಯ ಕೆಳಗಿನಿಂದ ಚರೆ ಹೋಗಿಬಿಡುತ್ತದೆ ಎಂದು ವಿವರಿಸಿದರು. ಮರವನ್ನು ಸ್ವಲ್ಪ ಮೇಲಕ್ಕೆ ಬಗ್ಗಿಸಬೇಕು, ಮೈಸೂರಿನಲ್ಲಿ ಕೋವಿ ರಿಪೇರಿ ಮಾಡುವವರಿದ್ದಾರೆ, ಕೊಟ್ಟುಬನ್ನಿ, ದಸರಾ ಕಳೆದ ಮೇಲೆ ಮತ್ತೆ ಪಂದ್ಯ ಇದೆ ಎಂದರು.

ಬಸ್ಸಿನಲ್ಲಿ ವಾಪಸು ಬರುವಾಗ ಭಾವ ದಾರಿಯುದ್ದಕ್ಕೂ ಮಾತಾಡಿದರು. ಹಂದಿಯ ಗಾಯದ ನಂತರ ಅವರ ಬಾಯಲ್ಲಿ ಅಷ್ಟು ಮಾತು ಕೇಳಿದ್ದು ಅದೇ ಮೊದಲು. ಮನೆಗೆ ಬಂದ ಮೇಲೆ ಅಕ್ಕ ಎಲ್ಲವನ್ನೂ ಕೇಳಿಸಿಕೊಂಡು, ಅವರು ಕೈಕಾಲು ತೊಳೆಯಲು ಹೋದಾಗ ನನ್ನ ಹತ್ತಿರ ಬಂದಳು.

"ಮಣ್ಣಿಗೆ ಕೋರೆ ಇರಾಕಿಲ್ಲ ಕಣಪ್ಪ," ಎಂದಳು. "ಅದ್ನೇ ಒಡ್ಕಂಡಿರ್ಲಿ ಬುಡು."

ಅವಳ ಮುಖದಲ್ಲಿ ಎಷ್ಟೋ ತಿಂಗಳ ಭಾರ ಇಳಿದಿತ್ತು. 

ಮೈಸೂರಿಗೆ ಕೋವಿ ಕೊಟ್ಟುಬರಲು ಭಾವ ಒಪ್ಪಲಿಲ್ಲ. ತಂದೆಯ ಕೋವಿ ಕಾಣದವರ ಅಂಗಡಿಯಲ್ಲಿ ವಾರಗಟ್ಟಲೆ ಬಿದ್ದಿರುವುದು ಅವರಿಗೆ ಆಗದು. ಮೊದಲು ಅಕ್ಕನೇ ಒಂದು ಉಪಾಯ ಮಾಡಿದಳು. ಹಳೆಯ ಕಂಬಳಿಯ ತುಂಡನ್ನು ಮಡಿಸಿ, ಮೇಲೆ ಮೇಕೆಯ ಚರ್ಮ ಹೊಲಿದು, ಕೆನ್ನೆ ಕೂರುವ ಜಾಗಕ್ಕೆ ದಿಂಬಿನಂತೆ ಕಟ್ಟಿದಳು. ಗುರಿ ಮೇಲೆದ್ದಿತು, ಆದರೆ ಎರಡು ಈಡಿಗೆ ದಿಂಬು ಜಾರಿ ಪಕ್ಕಕ್ಕೆ ಬರುತ್ತಿತ್ತು. ಭಾವ ಅದನ್ನು ಬಿಚ್ಚಿ, "ನಿಮ್ಮಕ್ಕ ಕೋವಿಗೂ ಬಾಣಂತನ ಮಾಡ್ತಾಳೆ ಕಣ್ಲಾ," ಎಂದು ನನಗೆ ಎಸೆದರು. ಅಕ್ಕ ಒಳಗಿನಿಂದಲೇ, ಅದಾದ್ರೂ ಹೇಳಿದ್ ಮಾತು ಕೇಳ್ತದೆ ಎಂದಳು.

ಆಮೇಲೆ ಭಾವನಿಗೆ ಹೊಳೆದದ್ದು ತಮ್ಮ ಬ್ಯಾರನ್ನು. ಹಸಿ ಹೊಗೆಸೊಪ್ಪನ್ನು ಬಿಸಿಗಾಳಿಯಲ್ಲಿ ಹದಮಾಡುವ ಎತ್ತರದ ಮಣ್ಣಿನ ಮನೆ ಅದು. ನಮ್ಮ ಕೃಷ್ಣರಾಜನಗರದ ನಾಲೆಯ ಕಡೆ ಭತ್ತ ಕಬ್ಬು ಬಿಟ್ಟರೆ ಬೇರೇನೂ ಕಾಣದಿದ್ದ ನನಗೆ ಅದೊಂದು ವಿಚಿತ್ರ. ಆಗ ಸುತ್ತಿನಲ್ಲಿ ಬ್ಯಾರನ್ನು ಕಟ್ಟಿದವರೇ ಕಡಿಮೆ. ಭಾವ ಗೋಡೆಗೆ ಅಂಗೈ ಇಟ್ಟೇ ಒಳಗಿನ ಕಾವು ಹೇಳುತ್ತಿದ್ದರು. ಎಲೆ ಯಾವಾಗ ಹಳದಿಗೆ ತಿರುಗುತ್ತದೆ, ಯಾವಾಗ ಬೆಂಕಿ ಏರಿಸಬೇಕು ಎಂಬುದರಲ್ಲಿ ಅವರ ಮಾತು ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಆ ಭರವಸೆಯಲ್ಲೇ ಅವರು ಕೋವಿಯ ಮರವನ್ನು ನಳಿಗೆಯಿಂದ ಬಿಚ್ಚಿದರು. ಅಂಗೈ ಸುತ್ತಿ ಹಿಡಿಯುವ ಸಣ್ಣ ಜಾಗಕ್ಕೆ ಅವರು ಕುತ್ತಿಗೆ ಎನ್ನುತ್ತಿದ್ದರು. ಅಲ್ಲಿಗೆ ಬಿಸಿ ಹರಳೆಣ್ಣೆಯ ಬಟ್ಟೆ ಸುತ್ತಿ, ಬ್ಯಾರನ್ನಿನೊಳಗೆ ಬಿಸಿ ಕೊಳವೆಯ ಸಮೀಪ ಎರಡು ಕೊರಡುಗಳ ಮೇಲೆ ಮಗುಚಿ ಅಡ್ಡ ಇಟ್ಟು, ತುದಿಗೆ ಕಲ್ಲು ಕಟ್ಟಿದರು. ಮೇಲೆ ಹೊಗೆಸೊಪ್ಪು ಹದವಾಗುತ್ತಿತ್ತು, ಕೆಳಗೆ ಕೋವಿ. ಸೌದೆ ಒಟ್ಟುವ ಸರದಿಯಲ್ಲಿ ನಾನು ಕೂತಿದ್ದಾಗ ಅಕ್ಕ ಬಂದು, "ಏನಪ್ಪ, ಬಗ್ತಾ?" ಎಂದು ಕೇಳಿ ಹೋಗುತ್ತಿದ್ದಳು. ಗಂಡನೇ ಬಗ್ಗುತ್ತಿದ್ದಾನೆ ಎನ್ನುವಂತೆ ನಗುತ್ತಿದ್ದಳು.

ಮರ ಬಗ್ಗಿತು. ಎಷ್ಟು ಬೇಕೋ ಅಷ್ಟೇ. ಆದರೆ ಬ್ಯಾರನ್ನಿನ ಕಾವು ಎಲೆಯ ಪಸೆ ತೆಗೆಯಲಿಕ್ಕೆ ಇರುವಂಥದು. ಅದು ಮರದ ಪಸೆಯನ್ನೂ ತೆಗೆದಿತ್ತು. ಕುತ್ತಿಗೆಯಲ್ಲಿ ಕೂದಲೆಳೆಯಂಥ ಬಿರುಕು ಇದ್ದಿರಬೇಕು. ಆಗ ಅದು ಯಾರಿಗೂ ಕಾಣಲಿಲ್ಲ. ಹಿಡಿತ ಗಟ್ಟಿಯಾಗಲೆಂದು ಭಾವ ಆ ಜಾಗಕ್ಕೇ ಮೇಣ ಸವರಿದ ದಾರ ಒತ್ತೊತ್ತಾಗಿ ಸುತ್ತಿಬಿಟ್ಟರು.

ಅಭ್ಯಾಸ ಮಾಡಲು ಬಿಲ್ಲೆಗಳಿಲ್ಲ, ಯಂತ್ರವಿಲ್ಲ. ಕುಂಬಾರರ ಮನೆಯಿಂದ ಹಣತೆ ತಂದೆವು, ಸುಡುವಾಗ ಬಾಯಿ ಸೊಟ್ಟಗಾದಂಥವು, ಬೆಂಕಿ ಸಾಲದೆ ಅರೆಬೆಂದಂಥವು. ಯಾವ ದೇವರಿಗೆ ಇಷ್ಟು ದೀಪ ಎಂದು ದಾರಿಯಲ್ಲಿ ಜನ ಕೇಳಿದರು. ದೀಪದ ಬಟ್ಟಲಿಗೆ ಈಡು ಹೊಡೆಯುವುದು ಮನೆಗೆ ಒಳ್ಳೆಯದಲ್ಲ ಎಂದು ನೆರೆಯವರು ಗೊಣಗಿದಾಗ, ಎಣ್ಣೆ ಬತ್ತಿ ಬೀಳುವ ತನಕ ಅದು ಬರೀ ಮಣ್ಣು ಎಂದು ಅಕ್ಕ ಬಾಯಿ ಮುಚ್ಚಿಸಿದಳು. ಹಣತೆ ಎಸೆಯುವ ಕೆಲಸವನ್ನೂ ಅವಳೇ ತೆಗೆದುಕೊಂಡಳು. ತವರಿನಲ್ಲಿ ಇದ್ದಾಗ ಭತ್ತದ ಗದ್ದೆಯ ಅಟ್ಟಣೆಯ ಮೇಲೆ ನಿಂತು ಕವಣೆ ಬೀಸಿ ಗಿಳಿ ಓಡಿಸುತ್ತಿದ್ದವಳು ಅವಳು. ನಮ್ಮ ಮನೆಯಲ್ಲಿ ಅವಳಷ್ಟು ದೂರ ಯಾರೂ ಎಸೆಯುತ್ತಿರಲಿಲ್ಲ. ಹಣತೆ ಕೂರುವಂತೆ ಕವಣೆಯ ಮಡಿಲನ್ನು ಅಗಲ ಮಾಡಿ ಹೆಣೆದುಕೊಂಡಳು.

ಊರಾಚೆಯ ಬೀಳಿನಲ್ಲಿ ಬಿದ್ದುಹೋದ ಹಳೆಯ ಮನೆಯೊಂದರ ಮೊಣಕೈಯೆತ್ತರದ ಮಣ್ಣಿನ ಗೋಡೆ ಉಳಿದಿತ್ತು. ಅದರ ಹಿಂದೆ ಅಕ್ಕ ನಿಲ್ಲುತ್ತಿದ್ದಳು. ಈಚೆಗೆ, ಬಲಕ್ಕೆ ಸರಿದು, ಭಾವ. ಅವರ ಬೆನ್ನ ಹಿಂದೆ ನಾನು. ಒಂದು ಕಟ್ಟಳೆ ಮಾಡಿಕೊಂಡಿದ್ದೆವು: ಹಣತೆ ಕೈಬಿಟ್ಟ ತಕ್ಷಣ ಅಕ್ಕ ಗೋಡೆಯ ಮರೆಗೆ ಕೂರಬೇಕು. ಅವಳು ಒಂದು ಸಲವೂ ತಪ್ಪಲಿಲ್ಲ. ಕವಣೆ ರೊಯ್ಯೆಂದು ತಿರುಗುವುದು, ಹಣತೆ ಏಳುವುದು, ಅವಳ ತಲೆ ಮರೆಯಾಗುವುದು, ಈಡು. ಹಣತೆ ಕೆಂಪು ಧೂಳಾಗಿ ಗಾಳಿಯಲ್ಲಿ ನಿಲ್ಲುತ್ತಿತ್ತು. ಗೋಡೆಯಾಚೆಯಿಂದ, "ಬಿತ್ತಾ?" ಎಂದು ದನಿ ಬರುತ್ತಿತ್ತು. ಭಾವ ಊಟದ ಹೊತ್ತಿಗೆ ಎರಡನೇ ಮುದ್ದೆ ಕೇಳತೊಡಗಿದರು. ಸಂಜೆ ಕಾಡಿನ ಕಡೆ ನೋಡುವುದು ನಿಂತಿತು. ಅಷ್ಟು ದಿನ ಮಾತ್ರ ಆ ಮನೆಯಲ್ಲಿ ಗಂಡಹೆಂಡಿರಿಬ್ಬರೂ ಒಟ್ಟಿಗೆ ನಕ್ಕಿದ್ದನ್ನು ನಾನು ಕಂಡೆ.

ಆಯುಧಪೂಜೆ ಕಳೆದಿತ್ತು. ನಳಿಗೆಯ ಮೇಲಿನ ಕುಂಕುಮ ಇನ್ನೂ ಪೂರ್ತಿ ಅಳಿಸಿರಲಿಲ್ಲ. ಪಂದ್ಯ ಹತ್ತಿರ ಬಂದದ್ದರಿಂದ ಭಾವ ಆ ಬೆಳಗ್ಗೆ ಜೋಡಿ ಹೊಡೆದು ನೋಡಬೇಕೆಂದರು. ಎರಡೂ ನಳಿಗೆಗೆ ತೋಟಾ ತುಂಬಿದರು. ಅಕ್ಕ ಒಂದು ಹಣತೆ ಎಸೆದು, ಗೋಡೆಯ ಮೇಲಿದ್ದ ಕುಕ್ಕೆಯಿಂದ ಇನ್ನೊಂದನ್ನು ತೆಗೆದು ಹಿಂದೆಯೇ ಎಸೆಯಬೇಕು. ಎರಡನೆಯದನ್ನು ಬಿಟ್ಟ ಮೇಲೆ ಕೂರುವುದೆಂದು ಮಾತಾಯಿತು. ನಡುವೆ ಕೂರಲು ಹೊತ್ತೆಲ್ಲಿದೆ? ಮೂವರೂ ಅಲ್ಲಿದ್ದೆವು, ಮೂವರಿಗೂ ಅದು ಸರಿಯೆಂದೇ ತೋರಿತು.

ಮೊದಲ ಹಣತೆ ಎದ್ದಿತು. ಭಾವ ಹೊಡೆದರು. ಆ ಈಡಿನ ಸದ್ದಿನೊಳಗೇ ಇನ್ನೊಂದು ಸದ್ದು, ಒಣಗಿದ ಕಬ್ಬು ಮುರಿದಂತೆ. ದಾರ ಹರಿದು ಮರ ಕುತ್ತಿಗೆಯಲ್ಲಿ ಕಿತ್ತುಬಂತು. ನಳಿಗೆ ಅವರ ಕೈಯಲ್ಲಿ ಎಡಕ್ಕೆ ಹೊರಳಿತು. ಹಿಡಿಯಲು ಹೋದ ಬೆರಳು ಹಿಂದಿನ ಕುದುರೆಗೆ ಸಿಕ್ಕಿತು.

ಅಕ್ಕ ನಿಂತೇ ಇದ್ದಳು. ಕವಣೆ ಅವಳ ತಲೆಯ ಮೇಲೆ ತಿರುಗುತ್ತಿತ್ತು.

ಕುಕ್ಕೆ ಸಿಡಿಯಿತು. ಗೋಡೆಯ ನೆತ್ತಿ ಹಾರಿಹೋಯಿತು. ಕೆಂಪು ಧೂಳು ಮೇಲೆದ್ದು, ಅದರೊಳಗೆ ಅವಳು ಇಲ್ಲವಾದಳು. ನಾನು ಓಡಬೇಕಾಗಿತ್ತು. ಓಡಲಿಲ್ಲ. ಈಗ ನಾನು ಪಾಠ ಹೇಳುವ ಕಾಲೇಜಿನಲ್ಲಿ ಎನ್.ಸಿ.ಸಿ. ಹುಡುಗರಿಗೆ ಗುಂಡು ಹಾರಿಸಲು ಕಲಿಸುವ ದಿನ ರಜೆ ಹಾಕುತ್ತೇನೆ. ಹಾಕಿಯೂ ಪ್ರಯೋಜನವಿಲ್ಲ. ಆ ಧೂಳು ಮನೆಯಲ್ಲಿ ಕೂತಿದ್ದಾಗಲೂ ಏಳುತ್ತದೆ, ಮತ್ತೆ ಮತ್ತೆ, ಮತ್ತು ಒಂದೊಂದು ಸಲ ಅದು ಇಳಿದ ಮೇಲೂ ಅವಳು ಕಾಣುವುದಿಲ್ಲ.

ಆ ದಿನ ಕಂಡಳು. ಗೋಡೆ ಹಿಡಿದುಕೊಂಡು ಎದ್ದಳು. ತಲೆ, ಮುಖ, ಸೀರೆ ಎಲ್ಲ ಹಣತೆಯ ಪುಡಿ. ಎಡಗಿವಿಯಿಂದ ಮಾತ್ರ ರಕ್ತ ಹರಿದು ಕುತ್ತಿಗೆಗೆ ಇಳಿಯುತ್ತಿತ್ತು. ಓಲೆ ಇರಲಿಲ್ಲ, ಓಲೆ ತೂಗುತ್ತಿದ್ದ ಹಾಲೆಯೂ ಇರಲಿಲ್ಲ. ಅವಳು ಕಿವಿ ಮುಟ್ಟಿಕೊಂಡು ನೋಡಲಿಲ್ಲ. ಗಂಡನನ್ನು ನೋಡಿದಳು.

ಭಾವ ನಿಂತಲ್ಲೇ ನಿಂತಿದ್ದರು. ಒಂದು ಕೈಯಲ್ಲಿ ನಳಿಗೆ, ಒಂದು ಕೈಯಲ್ಲಿ ಮರ. ತಲೆ ಬಗ್ಗಿಸಿ, ಮುರಿದ ತುದಿಯನ್ನು ಮುರಿದ ತುದಿಗೆ ಕೂಡಿಸುತ್ತಿದ್ದರು. ಕೂಡದಿದ್ದರೆ ತಿರುಗಿಸಿ ಮತ್ತೆ ಕೂಡಿಸುತ್ತಿದ್ದರು.

ಅದು ಗಾಬರಿ. ಅವರಿಗೆ ತಾವೇನು ಮಾಡುತ್ತಿದ್ದೇವೆಂಬ ಅರಿವೇ ಇರಲಿಲ್ಲ, ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಮರುಗಳಿಗೆ ಎರಡನ್ನೂ ಬಿಸಾಡಿ ಕುಂಟುತ್ತ ಓಡಿದವರೂ ಅವರೇ, ಅವಳನ್ನು ಎತ್ತಿಕೊಂಡು ಗಾಡಿಗೆ ಹಾಕಿದವರೂ ಅವರೇ. ಪಿರಿಯಾಪಟ್ಟಣದ ದಾರಿಯುದ್ದಕ್ಕೂ ಅವರು ಅಳುತ್ತಿದ್ದರು. ಆದರೆ ಅಕ್ಕ ನೋಡಿದ್ದು ಆ ಗಳಿಗೆಯನ್ನು. ಅವಳಿಗೆ ಅದು ಸಾಕಾಯಿತು.

ಪಂದ್ಯಕ್ಕೆ ಯಾರೂ ಹೋಗಲಿಲ್ಲ. ಕಿವಿ ಮಾಯುತ್ತ ಬಂದ ಮೇಲೆ ಒಂದು ದಿನ ಭಾವ ಅವಳೆದುರು ಕೂತು, ಕೋವಿಯನ್ನು ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಿ ಬರುತ್ತೇನೆ ಎಂದರು. ಅವಳು ಅಕ್ಕಿ ಆರಿಸುತ್ತಿದ್ದಳು. ಮೊರದಿಂದ ಕಣ್ಣು ತೆಗೆಯಲಿಲ್ಲ.

"ಯಾಕೆ," ಎಂದಳು. "ಕಾಡ್ಗೇ ಓಗಿ ಬುಡಿ. ಅಲ್ಲಾದ್ರೆ ಕೋವಿ ಮುಂದೆ ನಾನಿರಾಕಿಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ನಡುವೆ ಬಾಯಿ ಹಾಕಿ ಏನಾದರೂ ಹೇಳುತ್ತಿದ್ದೆ. ಭಾವ ತಾಳಿ ಮುಟ್ಟಿ ಹಾಕಿದ್ದ ಆಣೆಯ ಮಾತೆತ್ತಿದರು. ಅದು ನಾನ್ ಕೇಳಿದ್ದು, ನಾನೇ ವಾಪಸ್ ತಕಂಡಿವ್ನಿ ಎಂದು ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು.

ಕೆಲವು ದಿನ ಅವರು ಕೋವಿಯ ಕಡೆ ತಿರುಗಿಯೂ ನೋಡಲಿಲ್ಲ. ಆಮೇಲೆ ಕುತ್ತಿಗೆಗೆ ಎರಡೂ ಬದಿ ಹಿತ್ತಾಳೆಯ ತಗಡು ಹೊಡೆಸಿಕೊಂಡು ಬಂದರು. ರಾಗಿ ತೆನೆ ಕಟ್ಟಿತ್ತು, ಹಂದಿ ಇಳಿಯುತ್ತಿತ್ತು. ಅದೇ ಕುಂಟುಗಾಲಿನಲ್ಲಿ, ಅದೇ ತಗಡು ಬಡಿದ ಕೋವಿಯಲ್ಲಿ ಕಾಡಿಗೆ ಹೊರಟರು. ಹೊಸಿಲು ದಾಟುವ ಮೊದಲು ಒಂದು ಗಳಿಗೆ ನಿಂತು ಒಳಗೆ ನೋಡಿದರು. ಅಕ್ಕ ಬುತ್ತಿ ಕಟ್ಟಿ ಹೊಸಿಲಲ್ಲಿ ಇಟ್ಟಿದ್ದಳು. ಅವಳು ಹೊರಗೆ ಬರಲಿಲ್ಲ.

ನನಗೆ ಕೆಲಸದ ಆರ್ಡರು ಬರುವ ತನಕ ನಾನು ಅಲ್ಲಿದ್ದೆ. ಭಾವ ಹೋದ ದಿನಗಳ ಬೆಳಗಿನ ಜಾವ ಎಚ್ಚರವಾಗುತ್ತಿತ್ತು. ಅಕ್ಕ ಅಂಗಳಕ್ಕೆ ಸಗಣಿನೀರು ಎರಚುತ್ತಿದ್ದಳು. ದಾರಿಗೆ ಬೆನ್ನು ಮಾಡಿ ಎರಚುತ್ತಿದ್ದಳು. ಭಾವ ಬಂದರೆ ಕೈ ನಿಲ್ಲಿಸುತ್ತಿರಲಿಲ್ಲ, ನೀರು ಅವರ ಕಾಲ ಮೇಲೂ ಬೀಳುತ್ತಿತ್ತು. ಅವರು ಬರುವುದು ತಡವಾದರೆ ಒಳಗೆ ಹೋಗಿ ಒಲೆ ಹಚ್ಚುತ್ತಿದ್ದಳು.

ಕೊಟ್ಟಿಗೆಯ ಬಾಗಿಲಲ್ಲಿ ನಾನು ನಿಲ್ಲುತ್ತಿದ್ದೆ.