ಆಡು ಮುಟ್ಟದ ಗಿಡ

ನಾನು ನೆಲಕ್ಕೆ ಫರಸಿ ಕಲ್ಲು ಕೂಡಿಸುವ ಗೌಂಡಿ, ಆರನೆಯ ಇಯತ್ತೆಗೆ ಶಾಲೆ ಬಿಟ್ಟವನು. ಪುಣೆಯಲ್ಲಿ ನಾನು ನೆಲ ಹಾಸಿದ ಮನೆಗಳೊಳಗೆ ಈಗ ನನ್ನನ್ನು ಯಾರೂ ಕರೆಯುವುದಿಲ್ಲ. ಅದಕ್ಕೆ ಬೇಸರವಿಲ್ಲ. ನಮ್ಮ ಗಲ್ಲಿಯ ಹಿಂದಿನ, ಮರವಿಲ್ಲದ ಬೋಳು ಗುಡ್ಡ ಹಸಿರಾದದ್ದು ನನ್ನ ಕೈಯಿಂದ ಎಂಬ ಹೆಮ್ಮೆಯೊಂದು ಇತ್ತು.

ಹನ್ನೆರಡು ವರ್ಷ, ಪ್ರತಿ ಭಾನುವಾರ, ಎರಡು ಕ್ಯಾನ್ ನೀರು ಹೊತ್ತು ಆ ಗುಡ್ಡ ಹತ್ತಿದ್ದೇನೆ. ಮೊದಲು ಕರೆದೊಯ್ದವರು ಪಕ್ಕದ ಮನೆಯ ಸಾಹೇಬರು. ಧಾರವಾಡದ ಕಡೆಯವರು, ಬ್ಯಾಂಕಿನಿಂದ ನಿವೃತ್ತರಾದವರು. ಬೇವು, ಹೊಂಗೆ ಹಚ್ಚಿದೆವು. ಆಡುಗಳು ಒಂದನ್ನೂ ಉಳಿಸಲಿಲ್ಲ. ಆಗ ಸಾಹೇಬರು, ಹೊಲಕ್ಕೆ ಸೊಪ್ಪುಗೊಬ್ಬರವಾಗುವ ಗೊಬ್ಬರದ ಗಿಡದ ರೆಂಬೆಗಳ ಹೊರೆ ತರಿಸಿದರು.

“ಇದನ್ನ ಹುಗೀರಿ ಗೌಂಡಿ. ಆಡು ಮೂಸಿ ನೋಡಿ ಹೊಳ್ಳಿ ಹೋಗ್ತದ.”

“ಆಡು ಮುಟ್ಟದ ಸೊಪ್ಪು ಇರ್ತದೇನ್ರಿ ಸಾಹೇಬ್ರ?”

“ಇದು ಹೊರದೇಶದ್ದು. ನಿಮಗಿಂತ ಶಾಣ್ಯಾ ಅದ!”

ಇಬ್ಬರೂ ನಕ್ಕೆವು. ಹುಗಿದ ರೆಂಬೆಗಳೆಲ್ಲ ಬೇರು ಬಿಟ್ಟವು. ಮಾಘದಲ್ಲಿ ಗುಡ್ಡದ ತುಂಬ ಗುಲಾಬಿ ಬಣ್ಣದ ಹೂವು.

ಹೋದ ಮಳೆಗಾಲದಲ್ಲಿ, ದಿನಾ ಗುಡ್ಡಕ್ಕೆ ವಾಕಿಂಗ್ ಬರುವವರು ಅಲ್ಲೇ ಮೇಲೆ ಸಭೆ ಸೇರಿದರು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಮೇಡಂ ಒಬ್ಬರು ಬಂದಿದ್ದರು. ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದಲ್ಲ, ಮೆಣಸಿನಕಾಯಿಯೂ ಹೊರಗಿನದೇ ಎಂದರು. ಆದರೆ ಈ ಗಿಡ ತನ್ನ ಕೆಳಗೆ ಹುಲ್ಲನ್ನು ಬದುಕಗೊಡುವುದಿಲ್ಲ, ಹುಲ್ಲಿಲ್ಲದೆ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗೆ ಜಾಗವಿಲ್ಲ ಎಂದು ತಿಳಿಸಿ ಹೇಳಿದರು. ನಾನು ಬಗ್ಗಿ ನೋಡಿದೆ. ಮಳೆಗಾಲದಲ್ಲೂ ಬರೀ ಮಣ್ಣು. ಮೊದಲ ವರ್ಷದ ಮಳೆಗಾಲದಲ್ಲಿ ಅಲ್ಲೇ ಮೊಣಕಾಲುದ್ದದ ಹುಲ್ಲಲ್ಲಿ ಕೂತು ಸಾಹೇಬರೂ ನಾನೂ ರೊಟ್ಟಿ ತಿಂದಿದ್ದೆವು. ಅದು ಯಾವಾಗ ಹೋಯಿತೋ, ನೀರು ಹೊರುವ ಭರದಲ್ಲಿ ನಾನು ನೋಡಿರಲಿಲ್ಲ.

ಇದನ್ನು ಹಚ್ಚಿದವರು ಯಾರು ಎಂದು ಯಾರೋ ಕೇಳಿದರು. ಸಾಹೇಬರು ನನ್ನಿಂದ ಒಂದು ಮಾರು ದೂರದಲ್ಲಿದ್ದರು. ನನ್ನೆದುರು ಯಾವಾಗಲೂ ಕನ್ನಡ ಆಡುವವರು, ಅಂದು ಮರಾಠಿಯಲ್ಲಿ ಹೇಳಿದರು: ಯಾರೋ ಓದುಬರಹ ಇಲ್ಲದ ಜನ, ತಿಳಿಯದೆ ಹಚ್ಚಿದ್ದಾರೆ.

ನಾನೇ ಹಚ್ಚಿದ್ದು ಎಂದು ನಾನೂ ಮರಾಠಿಯಲ್ಲೇ ಹೇಳಿದೆ. ಅವರತ್ತ ಕೈ ತೋರಿಸಲಿಲ್ಲ.

ಇಳಿಯುವಾಗ ಸಾಹೇಬರು ಹಿಂದಿನಿಂದ ಬಂದರು. “ಸಿಟ್ಟಾದ್ರೇನು ಗೌಂಡಿ?”

“ಗಿಡದ ಮ್ಯಾಲೆ ಸಿಟ್ಟಿಲ್ರಿ. ಅದು ತನ್ನ ಗುಣ ಮುಚ್ಚಿಡಲಿಲ್ಲ. ಆಡು ಮೂಸಿ ಹೋದಾಗನ ತೋರ್ಸಿತ್ತು.”

ವಾಕಿಂಗಿನವರು ಈ ಗಿಡ ಕಡಿಯಲು ಪರವಾನಗಿ ತಂದಿದ್ದಾರೆ. ಈಗಲೂ ಭಾನುವಾರ ಗುಡ್ಡ ಹತ್ತುತ್ತೇನೆ, ಕ್ಯಾನಿನ ಬದಲು ಗರಗಸ ಹಿಡಿದು. ಕೊಯ್ದ ಬೊಡ್ಡೆ ಹದಿನೈದು ದಿನಕ್ಕೆ ಮತ್ತೆ ಚಿಗುರುತ್ತದೆ, ಮತ್ತೆ ಮುರಿಯುತ್ತೇನೆ. ಒಮ್ಮೆ ಸಾಹೇಬರು ಥರ್ಮಾಸಿನಲ್ಲಿ ಚಹಾ ತಂದು ನಿಂತರು, ಜೊತೆಗೆ ಎರಡು ಕಪ್. ಬೇಡವೆಂದು ಇನ್ನೊಂದು ಬೊಡ್ಡೆಯ ಹತ್ತಿರ ಹೋಗಿ ಕೂತೆ.